ಅಮ್ಮನವರ ಹೆಸರಿಗೆ ಹೋದ ಕೊಪ್ಪರಿಗೆ

ನನ್ನ ತವರೂರು ಮದ್ದೂರಿಗೂ ಭಾರತೀನಗರಕ್ಕೂ ನಡುವೆ ಇದೆ. ಡ್ರೈವರನ ಮನಸ್ಸು ಚೆನ್ನಾಗಿದ್ದರೆ ಮಾತ್ರ ಬಸ್ಸು ಅಲ್ಲಿ ನಿಲ್ಲುತ್ತದೆ. ಬೇರೆ ಯಾವ ಹೆಗ್ಗಳಿಕೆ ಇಲ್ಲದಿದ್ದರೂ ಆ ಊರಿಗೆ ಊರೊಟ್ಟಿನ ಪಾತ್ರೆಗಳಿವೆ. ಅಮ್ಮನವರ ಗುಡಿಯ ಪಕ್ಕದ ಕೋಣೆಯಲ್ಲಿ ಅನ್ನದ ಡಬರಿಗಳು, ಸಾರಿನ ಕೊಳಗಗಳು, ಉದ್ದನೆಯ ಸೌಟುಗಳು, ಎಲ್ಲಕ್ಕೂ ಯಜಮಾನನ ಹಾಗೆ ಗೋಡೆಗೊರಗಿ ನಿಂತ ತಾಮ್ರದ ದೊಡ್ಡ ಕೊಪ್ಪರಿಗೆ. ಮದುವೆಯಾದ ಮೇಲೆ ಬೀಗರನ್ನು ಕರೆದು ಬಾಡೂಟ ಹಾಕದಿದ್ದರೆ ನಮ್ಮ ಕಡೆ ಮದುವೆ ಆದಂತೆಯೇ ಅಲ್ಲ. ಆ ಬಾಡು ಬೇಯುವುದು ಈ ಕೊಪ್ಪರಿಗೆಯಲ್ಲೇ. ನಮ್ಮವ್ವನ ಬೀಗರೂಟ ಅದರಲ್ಲೇ ಬೆಂದಿತ್ತು, ನನ್ನದೂ ಅದರಲ್ಲೇ ಬೆಂದಿತು. ಅದರ ಅಂಚಿನಲ್ಲೊಂದು ನೆಗ್ಗು ಇದೆ. ನನ್ನ ಬೀಗರೂಟದ ದಿನ ಅಪ್ಪ ಗಾಡಿಯಿಂದ ಇಳಿಸುವಾಗ ಬೀಳಿಸಿ ಆದದ್ದು. ‘ಮಗ್ಳು ಓಯ್ತಾವ್ಳಲ್ಲ ಅಂತ ಕೈ ನಡುಗ್ತು’ ಎಂದು ಅಪ್ಪ ಹೇಳಿದ. ಕುಡಿದಿದ್ದ ಎಂದು ಅವ್ವ ಹೇಳಿದಳು.

ಪಾತ್ರೆಗಳಿಗೆ ಬಾಡಿಗೆ ಇಲ್ಲ. ಊರಿನ ಯಾವ ಮನೆಯವರಾದರೂ ಕೇಳಿ ಒಯ್ಯಬಹುದು. ಬೆಳಗಿ ತಂದಿಡಬೇಕು, ಮತ್ತು ಬರಿದಾಗಿ ತಂದಿಡಬಾರದು. ಒಳಗೆ ಒಂದು ಹಿಡಿ ಅಕ್ಕಿಯನ್ನೋ ಒಂದು ಅಚ್ಚು ಬೆಲ್ಲವನ್ನೋ ಹಾಕಿ ತರಬೇಕು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ನನ್ನ ಚಿಕ್ಕಪ್ಪ. ಯಾರು ಏನು ಕೇಳಿದರೂ ‘ಆಗ್ಲಿ ತಗೋ’ ಎನ್ನುವುದು ಅವನ ಸ್ವಭಾವ. ಹೀಗೆ ಒಂದೇ ದಿನದ ಎರಡು ಬೀಗರೂಟಗಳಿಗೆ ಅವನು ಎರಡು ಸಲ ‘ಆಗ್ಲಿ ತಗೋ’ ಎಂದುಬಿಟ್ಟ. ಬೆಳಗಾಗುವಾಗ ಕೊಪ್ಪರಿಗೆ ನಡುಬೀದಿಯಲ್ಲಿತ್ತು. ಆ ಕಡೆಯವರು ಒಲೆ ಹೂಡಿ ಕಾಯುತ್ತಿದ್ದರು, ಈ ಕಡೆಯವರ ಅಜ್ಜಿ ಕೊಪ್ಪರಿಗೆಯೊಳಗೆ ಇಳಿದು ಕೂತುಬಿಟ್ಟಿದ್ದಳು. ಎತ್ತಿಕೊಂಡು ಹೋಗುವುದಾದರೆ ತನ್ನನ್ನೂ ಸೇರಿಸಿ ಎತ್ತಿಕೊಂಡು ಹೋಗಿ ಎಂದು ಅವಳ ಹಟ. ಎತ್ತಿಕೊಂಡೇ ಹೋದರು. ಊಟ ಮುಗಿಯುವವರೆಗೂ ಆ ಅಜ್ಜಿ ಶತ್ರುಗಳ ಮನೆಯಲ್ಲಿ ಕೂತು ಬೈಯುತ್ತಾ ಉಂಡಳಂತೆ.

ನಾನು ಮಳವಳ್ಳಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುವ ಮೇಡಂ. ಆಗ ರಜೆಗೆ ತವರಿಗೆ ಬಂದಿದ್ದೆ. ಊರಿನವರ ಗಲಾಟೆ ಕೇಳಿ ಕೇಳಿ ತಲೆ ಕೆಟ್ಟು, ಸುಲಭವಾಗಿ ಆಪ್ ಮಾಡಿಕೊಡುವ ಒಂದು ತಾಣದಲ್ಲಿ ನನ್ನ ಖಾತೆಯಿಂದಲೇ ಪಾತ್ರೆಗಳಿಗೊಂದು ಆಪ್ ಮಾಡಿಕೊಟ್ಟೆ. ಯಾವ ಮನೆಗೆ, ಯಾವ ದಿನಕ್ಕೆ, ಯಾವ ಪಾತ್ರೆ ಎಂದು ಒತ್ತಿದರೆ ಆಯಿತು. ಖಾಲಿ ಇದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ಅಣ್ಣ ಪಕ್ಕದಲ್ಲೇ ಕೂತು ಒಂದು ನಿಯಮ ಹೇಳಿ ಬರೆಸಿದ. ‘ಪರಸ್ಥಳದೋರು ಬಂದು ಒತ್ತುದ್ರೆ ಕೊಡ್ಬಾರ್ದು ಕಣಮ್ಮ. ಮರ್ವಾದೆಯಾಗಿ ಇಲ್ಲ ಅನ್ನಂಗೆ ಬರಿ.’ ನಾನು ಮರ್ಯಾದೆಯಾಗಿಯೇ ಬರೆದೆ: ‘ಕ್ಷಮಿಸಿ, ಪಾತ್ರೆಗಳು ಊರಿನ ಮನೆಗಳಿಗೆ ಮಾತ್ರ. ತಮ್ಮ ಕೋರಿಕೆಯನ್ನು ಮಾಲೀಕರ ಗಮನಕ್ಕೆ ತರಲಾಗಿದೆ.’ ಆ ವಾಕ್ಯದ ಮೇಲೆ ನನಗೆ ಹೆಮ್ಮೆ ಇತ್ತು. ಸರ್ಕಾರದ ತಾಣಗಳಲ್ಲೂ ಇಷ್ಟು ಒಳ್ಳೆಯ ಕನ್ನಡ ಇರುವುದಿಲ್ಲ ಎಂದು ಅಣ್ಣನಿಗೆ ಹೇಳಿದ್ದೆ.

ಊರಿನವರು ಆಪನ್ನು ಬಳಸಿದ ರೀತಿ ಹೀಗಿತ್ತು: ಆಪ್ ತೆರೆಯುವುದು, ಅದನ್ನು ನೋಡುವುದು, ಮುಚ್ಚುವುದು, ಆಮೇಲೆ ನನಗೆ ಫೋನ್ ಮಾಡುವುದು. ‘ಅಕ್ಕ, ಕೊಪ್ರಿಗೆ ಖಾಲಿ ಐತೆ ಅಂತ ತೋರುಸ್ತಾ ಐತೆ. ದಿಟ್ವಾ?’ ನಾನು ದಿಟ ಎಂದ ಮೇಲೆಯೇ ಅವರು ಒತ್ತುತ್ತಿದ್ದದ್ದು. ಒತ್ತಿದ ಮೇಲೂ ಇನ್ನೊಂದು ಫೋನ್. ‘ಒತ್ತಿವ್ನಿ ಕಣಕ್ಕ, ನಿಂಗೆ ಬಂತಾ?’ ಜೊತೆಗೆ ಯಾರ ಮಗಳಿಗೆ ಎಲ್ಲಿಯ ಗಂಡು, ಯಾರ ಮನೆ ಹಸು ಕರು ಹಾಕಿತು, ನಾಲೆಗೆ ನೀರು ಬಿಟ್ಟರೋ ಇಲ್ಲವೋ, ಎಲ್ಲ ವರದಿ. ಸ್ಟಾಫ್ ರೂಮಿನಲ್ಲಿ ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. ‘ಈ ನನ್ನ ಊರಿನವರಿಗೆ ಯಾವ ಜನ್ಮಕ್ಕೂ ಬುದ್ಧಿ ಬರಲ್ಲ’ ಎಂದು ಬೈದು ಬೈದೇ ಫೋನ್ ಎತ್ತುತ್ತಿದ್ದೆ. ಒಂದು ವಾರ ಫೋನ್ ಬರದಿದ್ದರೆ ಸಿಗ್ನಲ್ ಇದೆಯೇ ಎಂದು ನೋಡುತ್ತಿದ್ದವಳೂ ನಾನೇ.

ಕೆಲಸ ಕೆಟ್ಟದ್ದು ಆಪ್‌ನ ಕೆಳತುದಿಯ ಒಂದು ಸಣ್ಣ ಸಾಲಿನಿಂದ. ಅಲ್ಲಿ ‘ಮಾಲೀಕರು’ ಎಂದು ಬರೆದು ಮುಂದೆ ನನ್ನ ಹೆಸರು ತೋರಿಸುತ್ತಿತ್ತು. ಅದನ್ನು ತಾಣವೇ ತಾನಾಗಿ ಹಾಕಿಕೊಂಡಿತ್ತು, ನಾನಲ್ಲ. ಅಲ್ಲಿಯವರೆಗೆ ಯಾರೂ ಆ ತಳದವರೆಗೆ ಹೋಗಿರಲಿಲ್ಲ. ಎದುರು ಪಾರ್ಟಿಯವನೊಬ್ಬ, ಅಂದರೆ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ನಮ್ಮಣ್ಣನ ವಿರುದ್ಧ ನಿಂತು ತಾನೂ ಸೋತು ಅವನನ್ನೂ ಸೋಲಿಸಿದವನು, ಹಾಲಿನ ಡೈರಿಯ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಓದಿದ. ‘ಊರ ಕೊಪ್ರಿಗೆ ಮಳವಳ್ಳಿಗೆ ಕೊಟ್ಟಿರೋ ಎಣ್ಣಿನ ಎಸ್ರಲ್ಲಿ ಐತೆ ಕಣ್ರಲಾ! ನಾಳಿಕೆ ಅವ್ಳ ಗಂಡ, ಮೈದುನ್ರು ಬಂದು ಗಾಡಿಗೆ ಏರ್ಕಂಡು ಓದ್ರೆ ಏನ್ ಮಾಡೀರಿ?’ ಪಾಪ, ನನ್ನ ಗಂಡ. ಕೊಪ್ಪರಿಗೆಯ ವಿಷಯದಲ್ಲಿ ಅವನಿಗಿದ್ದ ಆಸೆ ಅದರೊಳಗೆ ಬೆಂದದ್ದರ ಮೇಲೆ ಮಾತ್ರ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಗಾದೆ ನಮ್ಮೂರಿನವರಿಗೆ ಹೊಲ ಗದ್ದೆಯ ಹೊತ್ತಿನಲ್ಲಿ ತಪ್ಪದೆ ನೆನಪಾಗುತ್ತದೆ. ಈಗ ಆಪ್‌ನ ಹೊತ್ತಿನಲ್ಲೂ ನೆನಪಾಯಿತು. ಒಂದು ಭಾನುವಾರ ಅಣ್ಣ, ಅತ್ತಿಗೆ ಮತ್ತು ಚಿಕ್ಕಪ್ಪ ಮಳವಳ್ಳಿಯ ನನ್ನ ಮನೆಗೆ ಬಂದರು. ಅತ್ತಿಗೆಯ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಸೀರೆ, ರವಿಕೆ ಕಣ, ಬಳೆ, ಬಾಳೆಹಣ್ಣು, ತೆಂಗಿನಕಾಯಿ, ಎಲೆ ಅಡಿಕೆ. ಅಪ್ಪ ತೀರಿಕೊಂಡ ವರ್ಷ ಇದೇ ತಟ್ಟೆ ಬಂದಿತ್ತು. ಆಗ ಮದ್ದೂರಿನ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ, ಗದ್ದೆಯಲ್ಲಿ ನನಗೇನೂ ಹಕ್ಕಿಲ್ಲ, ಇದ್ದರೂ ಪ್ರೀತಿಯಿಂದ ಬಿಟ್ಟಿದ್ದೇನೆ ಎಂದು ಸಹಿ ಹಾಕಿಸಿಕೊಂಡಿದ್ದರು. ನಾನು ನಗುನಗುತ್ತಾ ಹಾಕಿದ್ದೆ. ಬರುವಾಗ ಎಲ್ಲರೂ ಸೇರಿ ವಡೆ ತಿಂದಿದ್ದೆವು. ಆ ಸೀರೆ ಎರಡು ಒಗೆತಕ್ಕೆ ಬಣ್ಣ ಬಿಟ್ಟಿತು.

‘ಏನಣ್ಣ ಇದು, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ’ ಎಂದೆ.

ಅಣ್ಣ ಗೋಡೆಯ ಕ್ಯಾಲೆಂಡರ್ ನೋಡಿದ. ಚಿಕ್ಕಪ್ಪ ಕೆಮ್ಮಿದ. ‘ಅದೇಯ ಮಗ, ಆ ಆಪು. ಊರ್ಗೆ ಬುಟ್ಕೊಟ್ಬುಡು. ಎಣ್ಮಗ್ಳ ತಾವ ಬರೀ ಕೈಲಿ ಈಸ್ಕಬಾರ್ದು ಅಂತ ಸೀರೆ ತಂದಿವಿ.’

ಆಪ್ ಎಂದರೆ ಗದ್ದೆಯಲ್ಲ, ಇಲ್ಲಿಂದ ಒಂದು ಗುಂಡಿ ಒತ್ತಿದರೆ ಇನ್ನೊಬ್ಬರ ಖಾತೆಗೆ ಹೋಗುತ್ತದೆ, ಇದಕ್ಕೆ ಬಳೆ ರವಿಕೆ ಬೇಕಿಲ್ಲ ಎಂದು ನಾನು ಪಾಠ ಶುರು ಮಾಡಿದೆ. ಮಾತನಾಡುತ್ತಲೇ ಇದ್ದೆ, ಕಣ್ಣಲ್ಲಿ ನೀರು ಬರುತ್ತಿತ್ತು. ಎಂಥ ನಾಚಿಕೆಗೇಡು! ಗದ್ದೆ ಹೋದಾಗ ಅಳದವಳು ಡಬರಿ ಸೌಟಿನ ಲೆಕ್ಕಕ್ಕೆ ಅಳುವುದೇ? ಆದರೆ ಗದ್ದೆ ನನಗೆ ಯಾವತ್ತೂ ಫೋನ್ ಮಾಡಿರಲಿಲ್ಲ. ಈ ಆಪ್ ಇರುವುದರಿಂದ ಊರು ನನ್ನನ್ನು ಕೂಗುತ್ತಿತ್ತು. ಅದು ಹೋದರೆ ನನ್ನನ್ನು ಕೂಗಲು ಆ ಊರಿಗೆ ಬೇರೆ ಕಾರಣವಿರಲಿಲ್ಲ. ಅತ್ತಿಗೆ ನನಗೆ ಕುಂಕುಮ ಇಟ್ಟಳು. ಇಡುವಾಗ ನನ್ನ ಕಣ್ಣು ನೋಡಿದಳು.

‘ಆಯ್ತು. ಯಾರ ಖಾತೆಗೆ ಮಾಡಲಿ?’ ಎಂದು ಕೇಳಿದೆ.

ಈ ಪ್ರಶ್ನೆಯನ್ನು ಅವರು ಯೋಚಿಸಿಯೇ ಇರಲಿಲ್ಲ. ‘ನಂದಕ್ಕೆ’ ಎಂದ ಅಣ್ಣ. ‘ಪಾತ್ರೆ ನೋಡ್ಕಳೋನು ನಾನು’ ಎಂದ ಚಿಕ್ಕಪ್ಪ. ಇಬ್ಬರೂ ತಟ್ಟೆಯ ಬಾಳೆಹಣ್ಣು ತಿನ್ನುತ್ತಾ ಜಗಳವಾಡಿ, ತೀರ್ಮಾನವಾಗದೆ, ನನಗೆ ತಂದ ಹಣ್ಣನ್ನೆಲ್ಲ ಮುಗಿಸಿ ಎದ್ದರು. ಊರಿನಲ್ಲಿ ಸಭೆ ಸೇರಿತು. ಅಣ್ಣನಿಗಾದರೆ ಎದುರು ಪಾರ್ಟಿಯವರು ಒಪ್ಪರು. ಎದುರು ಪಾರ್ಟಿಯವನಿಗಾದರೆ ಅಜ್ಜಿ ಮತ್ತೆ ಕೊಪ್ಪರಿಗೆಯೊಳಗೆ ಕೂರುತ್ತೇನೆಂದಳು. ಕೊನೆಗೆ ಹಿಂದಿನಿಂದ ಬಂದ ಪದ್ಧತಿಯನ್ನೇ ಹಿಡಿದರು. ಊರೊಟ್ಟಿನ ತೋಪು, ಕಟ್ಟೆ, ಹುಣಸೆಮರ ಎಲ್ಲವೂ ಅಮ್ಮನವರ ಹೆಸರಿನಲ್ಲಿವೆ. ಆಪ್ ಕೂಡ ಅವಳ ಹೆಸರಿಗೇ ಹೋಗಲಿ. ‘ಅವ್ಳ್ ತಾವ ಯಾರೂ ತಕರಾರು ತಗ್ಯಂಗಿಲ್ಲ’ ಎಂದು ಚಿಕ್ಕಪ್ಪ ಫೋನಿನಲ್ಲಿ ನನಗೆ ಹೇಳಿದ. ‘ಅಮ್ಮನವ್ರ್‌ದೊಂದು ಖಾತೆ ತೆಗುದ್ಬುಡು ಮಗ.’

ತಾಣದವರ ಷರತ್ತುಗಳನ್ನು ನಾನು ಅವರಿಗೆ ಮೊದಲೇ ವಿವರಿಸಿದ್ದೆ. ತಗೊಳ್ಳುವವರಿಗೆ ಅವರದೇ ಖಾತೆ ಇರಬೇಕು. ನಾನು ಕಳಿಸುವ ಆಹ್ವಾನ ಒಂದು ವಾರ ಬದುಕಿರುತ್ತದೆ, ಅಷ್ಟರೊಳಗೆ ಅವರು ‘ಸ್ವೀಕರಿಸಿ’ ಎಂಬ ಗುಂಡಿ ಒತ್ತಬೇಕು. ಒತ್ತಿದ ಮೇಲೆ ನನಗೆ ಯಾವ ಅಧಿಕಾರವೂ ಉಳಿಯದು, ಹಿಂದಕ್ಕೆ ಬರುವ ದಾರಿಯೂ ಇಲ್ಲ. ಈ ಕೊನೆಯ ಷರತ್ತು ಊರಿನವರಿಗೆ ಬಹಳ ಹಿಡಿಸಿತು.

ಲ್ಯಾಪ್‌ಟಾಪ್ ಹೊತ್ತು ಬಸ್ಸಿನಲ್ಲಿ ಊರಿಗೆ ಹೋದೆ. ಗುಡಿಯ ಜಗಲಿಯ ಮೇಲೆ ಚಾಪೆ ಹಾಸಿದ್ದರು. ಎರಡೂ ಪಾರ್ಟಿಯವರು ಆ ಕಡೆ ಈ ಕಡೆ ಕೂತಿದ್ದರು. ನನ್ನ ಪಕ್ಕದಲ್ಲಿ ಗುಡ್ಡಪ್ಪ, ಎಂದರೆ ಅಮ್ಮನವರ ಪೂಜಾರಿ. ನಾನು ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡದಲ್ಲಿ ಕೂಗಿ ಹೇಳುವುದು, ಅವರು ಚರ್ಚಿಸಿ ಉತ್ತರ ಕೊಡುವುದು ಎಂದಾಯಿತು.

‘ಹುಟ್ಟಿದ ದಿನಾಂಕ?’

‘ಅವ್ಳು ಉದ್ಭವ ಕಣವ್ವ. ಉಟ್ಟಿಲ್ಲ’ ಎಂದ ಗುಡ್ಡಪ್ಪ.

‘ಬಿಟ್ಟರೆ ಮುಂದಕ್ಕೆ ಹೋಗಲ್ಲ’ ಎಂದೆ. ಹಾಗಾದರೆ ಈಚೆಗೆ ಗುಡಿ ಹೊಸದಾಗಿ ಕಟ್ಟಿ ಪ್ರತಿಷ್ಠೆ ಮಾಡಿದ ದಿನವನ್ನೇ ಹಾಕು ಎಂದರು. ಹಾಕಿದೆ. ಖಾತೆ ತೆರೆಯಲು ಇವರಿನ್ನೂ ಚಿಕ್ಕ ಮಗು, ತಂದೆ ತಾಯಿ ಅಥವಾ ಪೋಷಕರು ಅನುಮತಿ ಕೊಡಬೇಕು ಎಂದು ತಾಣ ಹೇಳಿತು. ಊರಿಗೇ ತಾಯಿಯಾದವಳ ತಾಯಿ ಯಾರು? ಗುಡ್ಡಪ್ಪನನ್ನು ಪೋಷಕ ಎಂದು ಹಾಕೋಣವೇ ಎಂದು ಅಣ್ಣ ಕೇಳಿದ. ‘ನನ್ನೇ ಅವ್ಳು ಸಾಕ್ತಾವ್ಳೆ, ನಾನೆಂಗ್ಲಾ ಅವ್ಳ ಪೋಸಕ’ ಎಂದು ಗುಡ್ಡಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ.

ಆಗ ಚಿಕ್ಕಪ್ಪ ಒಂದು ದಾರಿ ತೋರಿಸಿದ. ‘ನಮ್ಗೆಲ್ಲ ಇಸ್ಕೂಲಿಗೆ ಸೇರ್ಸುವಾಗ ಮೇಷ್ಟ್ರು ಅದ್ಯಾವ ತಾರೀಕು ಬರ್ಕಂಡ್ರು? ಎಲ್ರೂ ಜೂನ್ ಒಂದೇ ಅಲ್ವಾ? ನಮ್ಮವ್ವನೂ ನಮ್ಮಂಗೇ ಇರ್ಲಿ.’ ಹಾಗೆ ಆದಿಶಕ್ತಿಯು ಜೂನ್ ಒಂದರಂದು, ನನ್ನ ಚಿಕ್ಕಪ್ಪನ ವಾರಿಗೆಯವಳಾಗಿ ಹುಟ್ಟಿದಳು.

ಮುಂದೆ ತಾನು ಯಂತ್ರವಲ್ಲ, ಮನುಷ್ಯಳು ಎಂದು ಅವಳು ಸಾಬೀತು ಮಾಡಬೇಕಿತ್ತು. ‘ಎರಡೂ ಅಲ್ವಲ್ಲ’ ಎಂದ ಗುಡ್ಡಪ್ಪ. ರಸ್ತೆಯ ಚಿತ್ರಗಳು ಬಂದವು, ಸಿಗ್ನಲ್ ದೀಪ ಇರುವವನ್ನು ಆರಿಸಬೇಕು. ಎರಡೂ ಪಾರ್ಟಿಯವರು ನನ್ನ ಹೆಗಲ ಮೇಲಿಂದ ಬಗ್ಗಿದರು. ಒಂದು ಚಿತ್ರದಲ್ಲಿ ದೀಪವಿರಲಿಲ್ಲ, ಕಂಬ ಮಾತ್ರ ಇತ್ತು. ಕಂಬವೂ ಸಿಗ್ನಲ್ಲಿಗೇ ಸೇರಿದ್ದು ಎಂದು ಒಂದು ಪಾರ್ಟಿ, ದೀಪ ಬೇರೆ ಕಂಬ ಬೇರೆ ಎಂದು ಇನ್ನೊಂದು ಪಾರ್ಟಿ. ಅವರು ಕಂಬದ ಜಗಳ ತೀರಿಸುವಷ್ಟರಲ್ಲಿ ಚಿತ್ರಗಳ ಹೊತ್ತು ಮೀರಿ ಬೇರೆ ಚಿತ್ರಗಳು ಬಂದವು. ಈ ಸಲ ಬಸ್ಸುಗಳು. ಬಸ್ಸಿನ ವಿಷಯದಲ್ಲಿ ನಮ್ಮೂರಿನಲ್ಲಿ ಭಿನ್ನಾಭಿಪ್ರಾಯವಿಲ್ಲದಿದ್ದರಿಂದ ಅಮ್ಮನವರು ಪಾಸಾದರು.

ಉಳಿದದ್ದು ಪಾಸ್‌ವರ್ಡ್. ಇದನ್ನು ಯಾರಿಗೂ ಹೇಳಬಾರದು ಎಂದು ನಾನು ಎಚ್ಚರಿಸಿದೆ. ‘ಯಾರ್ಗೂ ಏಳ್ಬಾರ್ದು ಅಂದ್ರೆ? ಊರೊಟ್ಟಿಂದನ್ನ ಮುಚ್ಚುಮರೆ ಮಾಡೀರಾ?’ ಎಂದು ಎದುರು ಪಾರ್ಟಿಯವನು ಎದ್ದು ನಿಂತ. ಒಬ್ಬರಿಗೆ ಗೊತ್ತಿದ್ದರೆ ಎಲ್ಲರಿಗೂ ಗೊತ್ತಿರಬೇಕು. ಕೊನೆಗೆ ಪೇಂಟರನ್ನು ಕರೆಸಿ, ಗುಡಿಯ ಗೋಡೆಯ ಮೇಲೆ, ಜೀರ್ಣೋದ್ಧಾರಕ್ಕೆ ಕೊಟ್ಟ ದಾನಿಗಳ ಹೆಸರುಗಳ ಕೆಳಗೆ, ಕೆಂಪು ಬಣ್ಣದಲ್ಲಿ ಪಾಸ್‌ವರ್ಡ್ ಬರೆಸಿದರು. ಪೇಂಟರು ತನ್ನ ಕಸುಬಿನ ಅಭಿಮಾನಕ್ಕೆ ಎರಡೂ ಕಡೆ ಒಂದೊಂದು ಕಮಲ ಬರೆದ. ಕಂಪ್ಯೂಟರ್ ಮೇಡಂ ಆಗಿ ನಾನು ಮಕ್ಕಳಿಗೆ ಇಷ್ಟು ವರ್ಷ ಕಲಿಸಿದ್ದೆಲ್ಲ ಆ ಗೋಡೆಯ ಮೇಲೆ ಒಣಗುತ್ತಿತ್ತು.

ಅಲ್ಲಿಂದಲೇ ಆಹ್ವಾನ ಕಳಿಸಿದೆ. ಅಮ್ಮನವರ ಖಾತೆಗೆ ಬಂದು ಬಿತ್ತು. ಇನ್ನು ಒತ್ತಿಬಿಡಿ ಎಂದೆ. ಗುಡ್ಡಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ. ‘ಅವ್ಳ ಕೇಳ್ದೆಯಾ? ಬ್ಯಾಡ ಅಂದ್ರೆ?’

ನಮ್ಮಲ್ಲಿ ಅಮ್ಮನವರ ಒಪ್ಪಿಗೆ ಎಂದರೆ ಹೂವು. ಮೂರ್ತಿಯ ಎರಡು ಭುಜಕ್ಕೂ ಹೂ ಅಂಟಿಸಿ ಕೇಳುವುದು. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ಅದನ್ನು ಮಂಗಳವಾರ, ಶುಕ್ರವಾರ ಬಿಟ್ಟು ಬೇರೆ ದಿನ ಕೇಳುವಂತಿಲ್ಲ. ಶುಕ್ರವಾರ ಕೇಳಿದರು, ಯಾವ ಹೂವೂ ಬೀಳಲಿಲ್ಲ. ಮಂಗಳವಾರ ಕೇಳಿದರು, ಎಡದ್ದು ಬಿತ್ತು. ಗುಡಿಯಲ್ಲಿ ಹೊಸದಾಗಿ ಹಾಕಿಸಿದ್ದ ಫ್ಯಾನು ಎಡಕ್ಕೇ ಇದ್ದದ್ದರಿಂದ ಅದು ಅಮ್ಮನವರ ಅಭಿಪ್ರಾಯವಲ್ಲ, ಫ್ಯಾನಿನದು ಎಂದು ಅಣ್ಣ ವಾದಿಸಿದ. ಅಷ್ಟರಲ್ಲಿ ವಾರ ಕಳೆದು ಆಹ್ವಾನ ಸತ್ತಿತು. ಮಳವಳ್ಳಿಯಿಂದ ಮತ್ತೆ ಕಳಿಸಿದೆ. ಮತ್ತೆ ಹೂ, ಮತ್ತೆ ಚರ್ಚೆ, ಮತ್ತೆ ಸಾವು. ‘ಅವಧಿ ಮೀರಿದೆ’ ಎಂಬ ಮಿಂಚಂಚೆ ಬಂದಾಗಲೆಲ್ಲ ನಾನು ಒಬ್ಬಳೇ ಕೂತು ನಗುತ್ತಿದ್ದೆ. ಆ ಹೂವು ಹಾಗೇ ಅಂಟಿಕೊಂಡಿರಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಿದ್ದೂ ನಿಜ.

ಹರಕೆ ಫಲಿಸಲಿಲ್ಲ. ಒಂದು ಶುಕ್ರವಾರ ಫ್ಯಾನು ಆರಿಸಿ ಕೇಳಿದಾಗ ಬಲದ ಹೂ ತಟ್ಟನೆ ಬಿತ್ತಂತೆ. ಗುಡ್ಡಪ್ಪ ಅರಿಶಿನದ ಬೆರಳಿನಿಂದಲೇ ಅಣ್ಣನ ಮೊಬೈಲಿನ ಮೇಲೆ ಒತ್ತಿದ, ಜನ ಮಂಗಳಾರತಿ ಎತ್ತಿದರು. ನಾನು ಆಗ ಕ್ಲಾಸಿನಲ್ಲಿದ್ದೆ. ಪಾಠ ಮುಗಿಸಿ ಬಂದು ನೋಡಿದರೆ ಸಂದೇಶ ಕಾದಿತ್ತು. ನೀವು ಇನ್ನು ಈ ಆಪ್‌ನ ಮಾಲೀಕರಲ್ಲ. ಕೆಳಗಿನ ಸಣ್ಣ ಸಾಲಿನಲ್ಲಿ ನನ್ನ ಹೆಸರು ಹೋಗಿ ‘ಅಮ್ಮನವರು’ ಎಂದಾಗಿತ್ತು. ನನಗೆ ಬಹಳ ದುಃಖವಾಯಿತು. ದೇವರ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ, ನಾನು ಪಟ್ಟೆ.

ಫೋನುಗಳು ನಿಂತವು. ಊರಿನವರು ಈಗ ಗೋಡೆಯ ಮೇಲಿನ ಪಾಸ್‌ವರ್ಡ್ ನೋಡಿ ತಾವೇ ಒಳಗೆ ಹೋಗಿ ನೋಡುತ್ತಿದ್ದರು, ಅನುಮಾನ ಬಂದರೆ ಗುಡ್ಡಪ್ಪನನ್ನು ಕೇಳುತ್ತಿದ್ದರು, ಅವನು ಅಮ್ಮನವರನ್ನು ಕೇಳುತ್ತಿದ್ದ. ಯಾರ ಹಸು ಕರು ಹಾಕಿತೋ ನನಗೆ ಗೊತ್ತಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ‘ಏನ್ ಮೇಡಂ, ಊರಿನವರಿಗೆ ಬುದ್ಧಿ ಬಂತಾ?’ ಎಂದು ಕೇಳಿದರು. ಬಂತು ಎಂದೆ.

ಮುಂದಿನ ಬೇಸಿಗೆಯಲ್ಲಿ ನನ್ನ ಮಗಳ ಮದುವೆ ಗೊತ್ತಾಯಿತು. ಬೀಗರೂಟ ಮಳವಳ್ಳಿಯ ನಮ್ಮ ಮನೆಯ ಮುಂದೆ. ಶಾಮಿಯಾನದ ಅಂಗಡಿಯವನು ಬೇಕಾದಷ್ಟು ಪಾತ್ರೆ ಕೊಡುತ್ತೇನೆ ಎಂದ. ನನಗೆ ಅವು ಬೇಡವಾಗಿದ್ದವು. ಅವ್ವನದು, ನನ್ನದು ಬೆಂದ ಕೊಪ್ಪರಿಗೆಯಲ್ಲೇ ಮಗಳದ್ದೂ ಬೇಯಬೇಕು, ಅಪ್ಪನ ನೆಗ್ಗು ನನ್ನ ಅಂಗಳದಲ್ಲಿ ಒಂದು ದಿನವಾದರೂ ಕೂರಬೇಕು ಎಂದು ಆಸೆ. ಆಪ್ ತೆರೆದು ದಿನ ಆರಿಸಿದೆ, ಕೊಪ್ಪರಿಗೆ ಆರಿಸಿದೆ. ಮನೆಗಳ ಪಟ್ಟಿಯಲ್ಲಿ ನನ್ನ ಮನೆ ಎಲ್ಲಿಯೂ ಇರಲಿಲ್ಲ. ‘ಇತರೆ’ ಎಂದು ಒತ್ತಿದೆ.

‘ಕ್ಷಮಿಸಿ, ಪಾತ್ರೆಗಳು ಊರಿನ ಮನೆಗಳಿಗೆ ಮಾತ್ರ. ತಮ್ಮ ಕೋರಿಕೆಯನ್ನು ಮಾಲೀಕರ ಗಮನಕ್ಕೆ ತರಲಾಗಿದೆ.’

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಅದು ಇದೇ. ಎಷ್ಟು ಚೆನ್ನಾದ ಕನ್ನಡ! ಎಷ್ಟು ವಿನಯ! ಇಷ್ಟು ಮರ್ಯಾದೆಯಾಗಿ ಯಾರೂ ನನ್ನ ಮುಖದ ಮೇಲೆ ಬಾಗಿಲು ಹಾಕಿರಲಿಲ್ಲ. ಸಿಟ್ಟು ಉಕ್ಕಿ ಅಣ್ಣನಿಗೆ ಫೋನ್ ಮಾಡಿದೆ.

‘ರೂಲ್ಸು ನೀನೇ ಬರ್ದಿದ್ದಲ್ವಾ?’ ಎಂದ ಅಣ್ಣ.

‘ಬರೆಸಿದ್ದು ನೀನು.’

‘ಈಗ ನನ್ ಕೈಲಿಲ್ಲ ಕಣಮ್ಮ. ನಿಂಗೊಂದು ಕೊಟ್ರೆ ಊರಿಂದ ಕೊಟ್ಟಿರೋ ಎಣ್ಮಕ್ಳೆಲ್ಲ ಬತ್ತಾರೆ. ಗುಡಿ ಅವ್ವನ ತಾವ ಊ ಕೇಳುಸ್ತೀನಿ, ಅಷ್ಟೇಯ.’

ಚಿಕ್ಕಪ್ಪನಿಗೆ ಮಾಡಿದೆ. ಜನ್ಮವಿಡೀ ಎಲ್ಲರಿಗೂ ‘ಆಗ್ಲಿ ತಗೋ’ ಎಂದವನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತನಾಡಿದ. ಹೂ ಕೇಳಿಸಿದರು. ಬೀಳಲಿಲ್ಲ. ಮುಂದಿನ ವಾರವೂ ಬೀಳಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನೋಣವೆಂದರೆ ಇಲ್ಲಿ ಗುಡ್ಡಪ್ಪ ಪಾಪ, ನನ್ನ ಪರವಾಗಿಯೇ ಇದ್ದ. ಫ್ಯಾನನ್ನು ಬಲಗಡೆಗೆ ತಿರುಗಿಸಿಯೂ ನೋಡಿದನಂತೆ. ಮದುವೆ ಹತ್ತಿರ ಬಂತು. ನಾನು ಶಾಮಿಯಾನದವನಿಗೆ ಮುಂಗಡ ಕೊಡಲು ಗಂಡನನ್ನು ಕಳಿಸಿದೆ. ಅವನು ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಫೋನು ಟಿಂಗೆಂದಿತು.

‘ತಮ್ಮ ಕೋರಿಕೆಯನ್ನು ಮಾಲೀಕರು ಒಪ್ಪಿದ್ದಾರೆ. ಪಾತ್ರೆ: ಕೊಪ್ಪರಿಗೆ. ಮಾಲೀಕರು: ಅಮ್ಮನವರು.’

ಊರಿನಲ್ಲಿ ಕೋಲಾಹಲವಾಯಿತು. ಯಾರು ಒತ್ತಿದ್ದು? ಅಣ್ಣ ತಾನಲ್ಲ ಎಂದ, ಚಿಕ್ಕಪ್ಪ ತಾನಲ್ಲ ಎಂದ, ಗುಡ್ಡಪ್ಪ ಗುಂಡಿ ಮೊಬೈಲಿನವನು, ಅವನಿಂದ ಆಗದು. ಎದುರು ಪಾರ್ಟಿಯವನು ಗುಡಿಯ ಮುಂದೆ ಕರ್ಪೂರ ಹಚ್ಚಿ ತಾನಲ್ಲವೆಂದು ಆಣೆ ಮಾಡಿದ. ಪಾಸ್‌ವರ್ಡ್ ಗೋಡೆಯ ಮೇಲೆ ಕಮಲಗಳ ನಡುವೆ ಇತ್ತು, ಊರಿನಲ್ಲಿ ಓದು ಬಂದವರು ಯಾರು ಬೇಕಾದರೂ ಒತ್ತಬಹುದಿತ್ತು. ಆದರೆ ಅದು ಯಾರಿಗೂ ಹೊಳೆಯಲಿಲ್ಲ, ಹೊಳೆದವರೂ ಬಾಯಿಬಿಡಲಿಲ್ಲ. ನಾನೂ ಒತ್ತಿಕೊಳ್ಳಬಹುದಿತ್ತು, ಆದರೆ ಊರು ಕೊಡದೆ ನಾನೇ ತೆಗೆದುಕೊಳ್ಳಲು ಮನಸ್ಸು ಬಂದಿರಲಿಲ್ಲ. ಆ ರಾತ್ರಿಯೇ ಗುಡ್ಡಪ್ಪ ತೆಂಗಿನಕಾಯಿ ಒಡೆದು ಘೋಷಿಸಿದ: ‘ಅವ್ವ ಊ ಕೊಟ್ಟು ಏಳೋದ್ನ ಬುಟ್ಟವ್ಳೆ. ಈಗ ನೇರ್ವಾಗಿ ಒತ್ತುತಾವ್ಳೆ.’ ಅಂದಿನಿಂದ ಅಣ್ಣನ ಮೊಬೈಲಿಗೂ ವಾರಕ್ಕೊಮ್ಮೆ ಕುಂಕುಮ.

ಬೀಗರೂಟದ ಹಿಂದಿನ ದಿನ ಮಳವಳ್ಳಿಯ ನಮ್ಮ ಬೀದಿಗೆ ಟ್ರ್ಯಾಕ್ಟರು ಬಂತು. ಟ್ರೈಲರಿನಲ್ಲಿ ಕೊಪ್ಪರಿಗೆ, ಅದರ ಅಂಚು ಹಿಡಿದುಕೊಂಡು ಅಣ್ಣ, ಅವನ ಮುಖದಲ್ಲಿ ಭಯಭಕ್ತಿ. ‘ಉಸಾರು ಕಣ್ರಲಾ, ಅವ್ವ ಒಪ್ಪಿ ಕಳ್ಸಿರೋದು!’ ಎಂದು ಇಳಿಸುವವರಿಗೆ ಕೂಗುತ್ತಿದ್ದ. ಅಂಗಳದಲ್ಲಿ ಕೂರಿಸಿದ ಮೇಲೆ ನಾನು ಅದರ ಸುತ್ತ ಒಂದು ಸುತ್ತು ಬಂದು ನೆಗ್ಗು ಹುಡುಕಿದೆ. ಅಲ್ಲೇ ಇತ್ತು. ಅದರ ಮೇಲೆ ಕೈ ಇಟ್ಟೆ, ಅಳು ಬಂತು. ಈ ಸಲ ತಡೆಯಲಿಲ್ಲ.

ಅತ್ತಿಗೆ ಸೌಟುಗಳನ್ನು ಇಳಿಸಿಕೊಳ್ಳುವ ನೆಪದಲ್ಲಿ ಪಕ್ಕಕ್ಕೆ ಬಂದಳು. ಅಣ್ಣ ದೂರ ಹೋಗುವವರೆಗೆ ಕಾದು, ಕೊಪ್ಪರಿಗೆಯನ್ನು ಸೆರಗಿನಿಂದ ಒರೆಸುತ್ತಾ ತಗ್ಗಿದ ದನಿಯಲ್ಲಿ ಹೇಳಿದಳು. ‘ನಾನೇ ಒತ್ತುದ್ದು ಕಣಮ್ಮ.’

ಹೇಗೆ ಎಂದು ಕೇಳಿದೆ.

‘ಗೋಡೆ ಮ್ಯಾಗೆ ಬರ್ದವ್ರೆ, ದಿನಾ ಗುಡಿ ಕಸ ಗುಡ್ಸೋಳು ನಾನು. ನೋಡ್ಕಂಡೆ, ಒತ್ತುದೆ. ನಿಮ್ಮಣ್ಣಂಗೆ ಏಳ್ಬ್ಯಾಡ, ಅವ್ವನೇ ಒತ್ತವ್ಳೆ ಅಂತ ಮನೇಲಿ ಜಗಳ ಆಡೋದ್ನೇ ಬುಟ್ಟವ್ನೆ.’ ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ‘ನಾನೂ ನಮ್ಮೂರಲ್ಲಿ ಒಂದು ಸೀರೆ ಈಸ್ಕಂಡು ಸೈನ್ ಆಕ್ಬುಟ್ಟು ಬಂದೋಳೇಯ. ಅವತ್ತು ನಿಂಗೆ ಕುಂಕ್ಮ ಇಡುವಾಗ ನನ್ ಕೈ ಬರ್ಲಿಲ್ಲ.’

ಇಷ್ಟು ವರ್ಷ ಅವಳನ್ನು ನಾನು ಅಣ್ಣನ ಹೆಂಡತಿ ಎಂದೇ ನೋಡಿದ್ದೆ, ನನ್ನ ಊರಿಗೆ ಬಂದು ನನ್ನ ಜಾಗದಲ್ಲಿ ಕೂತವಳು ಎಂದು. ಅವಳಿಗೂ ಒಂದು ಊರಿತ್ತು, ಅಲ್ಲಿಯೂ ಒಂದು ಕೊಪ್ಪರಿಗೆ ಇದ್ದಿರಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಅವಳ ಕೈಯಿಂದ ಸೌಟು ಈಸಿಕೊಂಡೆ.

ಬೀಗರೂಟ ಚೆನ್ನಾಗಿಯೇ ಆಯಿತು. ನನ್ನ ಗಂಡ ತನಗೂ ಕೊಪ್ಪರಿಗೆಗೂ ಇರುವ ಸಂಬಂಧವನ್ನು ಎರಡು ಪಂಕ್ತಿಯಲ್ಲಿ ಕೂತು ತೋರಿಸಿದ. ಮಾರನೆಯ ದಿನ ಹುಣಸೆಹಣ್ಣು ಹಾಕಿ ಕೊಪ್ಪರಿಗೆಯನ್ನು ನಾನೇ ಬೆಳಗಿದೆ. ಬರಿದಾಗಿ ಕಳಿಸಬಾರದಲ್ಲ, ಒಳಗೆ ಅಚ್ಚು ಬೆಲ್ಲ ಹಾಕಿದೆ, ಒಂದಲ್ಲ, ಒಂದು ಬುಟ್ಟಿ. ಅಣ್ಣ ಟ್ರ್ಯಾಕ್ಟರಿನ ಮುಂದೆ ಡ್ರೈವರನ ಜೊತೆ ಕೂತ. ಅತ್ತಿಗೆ ಹಿಂದೆ, ಕೊಪ್ಪರಿಗೆಯ ಪಕ್ಕದಲ್ಲಿ. ಹೊರಡುವಾಗ ಬಗ್ಗಿ ನನ್ನನ್ನು ಹತ್ತಿರಕ್ಕೆ ಕರೆದಳು.

‘ನಮ್ಮ ತವ್ರೂರ್ಗೂ ಒಂದು ಆಪ್ ಮಾಡ್ಕೊಡು ಕಣಮ್ಮ’ ಎಂದಳು. ‘ಯಾರ ಎಸ್ರಲ್ಲಾದ್ರೂ ಇರ್ಲಿ. ಪಾಸ್‌ವರ್ಡ್ ಮಾತ್ರ ಗೋಡೆ ಮ್ಯಾಗೆ ಬರ್ಸು.’